ಕಡಲತೀರದ ಬಾಡಿಗೆಮನೆಗಳೂ ಬೇಡಿಕೆಯ ಲೆಕ್ಕವೂ

ರಜೆ ಬಂದೊಡನೆ ಮುಂಬಯಿಯ ನಾವು ಗಾಳಿ ಬದಲಾವಣೆಗಾಗಿ ಅಲಿಬಾಗಿನತ್ತ ಮುಖಮಾಡುವುದುಂಟು. ಅಲ್ಲಿ ಕಡಲತೀರದ ಮನೆಗಳನ್ನು ಒಂದೆರಡು ರಾತ್ರಿಗಳ ಮಟ್ಟಿಗೆ ಬಾಡಿಗೆಗೆ ಕೊಡುವುದು ಅನೇಕ ಕುಟುಂಬಗಳ ಜೀವನೋಪಾಯ. ಈ ಮನೆಗಳ ಬೇಡಿಕೆ ವರ್ಷದಿಂದ ವರ್ಷಕ್ಕೆ ಏರಿತೋ ಇಳಿಯಿತೋ ಎಂಬುದನ್ನು ಅಳೆಯುವುದು ಹೇಗೆ?

ಮೇ ತಿಂಗಳನ್ನು ಜುಲೈಯೊಡನೆ ಹೋಲಿಸಲಾಗದು. ಮೇ ಶಾಲೆಗಳ ರಜಾಕಾಲ, ಜುಲೈ ಮಳೆಗಾಲ. ಆಗ ಗೇಟ್‌ವೇಯಿಂದ ಮಾಂಡವಾಕ್ಕೆ ಹೋಗುವ ಲಾಂಚುಗಳೂ ಸಾಮಾನ್ಯವಾಗಿ ನಿಂತಿರುತ್ತವೆ. ಆದುದರಿಂದ ಮೇಯನ್ನು ಹಿಂದಿನ ವರ್ಷದ ಮೇಯೊಡನೆ ಹೋಲಿಸಬೇಕು.

ಇಷ್ಟೇ ಸಾಲದು. ದೀಪಾವಳಿಯು 2023ರಲ್ಲಿ ನವೆಂಬರಿನಲ್ಲಿ ಬಂದಿತು. 2025ರಲ್ಲಿ ಅಕ್ಟೋಬರಿನಲ್ಲಿಯೇ ಮುಗಿಯಿತು. ನವೆಂಬರಿನ ಅತಿಥಿಗಳು ಕಡಮೆಯಾದ ಮಾತ್ರಕ್ಕೆ ಬೇಡಿಕೆ ಕುಗ್ಗಿತೆನ್ನಲಾದೀತೆ? ಹಬ್ಬವು ಚಾಂದ್ರಮಾನವನ್ನು ಅನುಸರಿಸುವುದರಿಂದ ಎರಡೂ ತಿಂಗಳುಗಳನ್ನು ಕೂಡಿಸಿ ನೋಡಬೇಕು.

ಇನ್ನು ಆಧಾರವರ್ಷದ ವಿಚಾರ. ಒಂದು ಮನೆಯು 2019ರಲ್ಲಿ 100, 2020ರಲ್ಲಿ 40, 2022ರಲ್ಲಿ 110 ರಾತ್ರಿ ಬಾಡಿಗೆಗೆ ಹೋಯಿತೆಂದಿಟ್ಟುಕೊಳ್ಳೋಣ. 2020ರಿಂದ ಎಣಿಸಿದರೆ ಏರಿಕೆ ಶೇಕಡ 175. 2019ರಿಂದ ಎಣಿಸಿದರೆ ಶೇಕಡ 10 ಮಾತ್ರ! 2020 ಸಾಮಾನ್ಯ ವರ್ಷವಲ್ಲ. ಕೋವಿಡ್ ನಿರ್ಬಂಧದಿಂದ ಸಂಚಾರ ನಿಂತಿತ್ತು. ಜೂನ್ 3ರಂದು ನಿಸರ್ಗ ಚಂಡಮಾರುತವು ರಾಯಗಡದ ಕರಾವಳಿಗೆ ಅಪ್ಪಳಿಸಿತು.

ಶೇಕಡ 175ನ್ನು ನಂಬಿ ಸಾಲಮಾಡಿ ಎರಡನೆಯ ಮನೆ ಕಟ್ಟಿದವನು ಬರಿದಾದ ಕೋಣೆಗಳನ್ನು ಕಾಯಬೇಕಾದೀತು. ಶೇಕಡ 10ನ್ನು ಅರಿತವನು ಹಳೆಯ ಮನೆಯ ಹೆಂಚನ್ನೇ ಸರಿಪಡಿಸಿಕೊಂಡು ನೆಮ್ಮದಿಯಿಂದಿರುವನು. ಭಾಗಾಕಾರ ಸರಿಯಾಗಿದ್ದರೂ ಹೋಲಿಕೆ ತಪ್ಪಾಗಬಹುದೆಂಬುದನ್ನು ವಿದ್ಯಾರ್ಥಿಗಳಾದವರು ಮನಗಾಣಬೇಕು.