ಮನೆಯ ಮೇನ್ ಸ್ವಿಚ್ಚು: ವಿದ್ಯುತ್ತಿನ ತೂಬು

ಕೆರೆಯ ತೂಬನ್ನು ಮುಚ್ಚುವುದು ಹೇಗೆಂಬುದು ಊರಿನ ನೀರುಗಂಟಿಗೆ ಕತ್ತಲಲ್ಲಿಯೂ ತಿಳಿದಿರುತ್ತದೆ. ಮನೆಗೆ ಬರುವ ವಿದ್ಯುತ್ತಿಗೂ ಅಂತಹುದೇ ಒಂದು ತೂಬು ಉಂಟು. ಅದೇ ಮೇನ್ ಸ್ವಿಚ್ಚು. ಅದನ್ನು ಆರಿಸುವುದು ನಿಮ್ಮ ಮನೆಯ ಹೆಂಗಸರು ಮಕ್ಕಳಿಗೆಲ್ಲ ತಿಳಿದಿದೆಯೇ?

ಕಂಬದಿಂದ ಬಂದ ತಂತಿಯು ಮೊದಲು ಮೀಟರಿಗೆ, ಅಲ್ಲಿಂದ ಮೇನಿಗೆ, ಅನಂತರ ಕೋಣೆಗಳಿಗೆ ಹೋಗುತ್ತದೆ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಮೇನ್ ಇರಬೇಕು. ಅದನ್ನು ಆರಿಸಿದರೆ ಮುಂದಿನ ತಂತಿಗಳಿಗೆ ವಿದ್ಯುತ್ತು ನಿಲ್ಲುತ್ತದೆ. ಆದರೆ ತೂಬು ಮುಚ್ಚಿದರೂ ಕೆರೆಯ ನೀರು ಕೆರೆಯಲ್ಲೇ ಇರುವಂತೆ, ಕಂಬದಿಂದ ಮೇನ್‌ವರೆಗಿನ ತಂತಿಯಲ್ಲಿ 230 ವೋಲ್ಟು ಇದ್ದೇ ಇರುತ್ತದೆ. ಆ ಭಾಗಕ್ಕೆ ಕೈಹಾಕಬೇಡಿ; ಅದು ವಿದ್ಯುತ್ ಕಂಪನಿಯವರ ಕೆಲಸ.

ಫ್ಯೂಸು ಮತ್ತು ಎಂ.ಸಿ.ಬಿ.ಗಳು ತಂತಿಯನ್ನು ಕಾಯುವ ಸಾಧನಗಳು. ತಂತಿ ತಾಳಲಾರದಷ್ಟು ಕರೆಂಟು ಹರಿದಾಗ ಫ್ಯೂಸು ಕರಗುತ್ತದೆ, ಎಂ.ಸಿ.ಬಿ. ತಾನಾಗಿ ಬೀಳುತ್ತದೆ. ಪದೇ ಪದೇ ಸುಡುವುದೆಂದು ಫ್ಯೂಸಿಗೆ ದಪ್ಪ ತಾಮ್ರದ ತಂತಿ ಕಟ್ಟುವವರಿದ್ದಾರೆ. ಹಾಗೆ ಮಾಡಿದರೆ ಫ್ಯೂಸು ಉಳಿದು, ಗೋಡೆಯ ತಂತಿ ಕಾದು, ಸೂರಿಗೆ ಬೆಂಕಿ ಹತ್ತೀತು.

ಆದರೆ ಮನುಷ್ಯನನ್ನು ಕಾಯಲು ಇವೆರಡೇ ಸಾಲವು. ಮಳೆಗಾಲದಲ್ಲಿ ಸವೆದ ವೈರು ತಗಡಿನ ಸೂರಿಗೋ ಬಟ್ಟೆ ಒಣಹಾಕುವ ಕಬ್ಬಿಣದ ತಂತಿಗೋ ತಾಗಿರಬಹುದು. ಅದನ್ನು ಮುಟ್ಟಿದವರ ಎದೆಯ ಮೂಲಕ ಆಂಪಿಯರಿನ ಹತ್ತರಲ್ಲೊಂದು ಪಾಲು ಹರಿದರೂ ಪ್ರಾಣ ಹೋಗಬಹುದು. ಅಷ್ಟು ಅಲ್ಪ ಕರೆಂಟಿಗೆ 16 ಆಂಪಿಯರಿನ ಎಂ.ಸಿ.ಬಿ. ಅಲುಗುವುದೇ ಇಲ್ಲ. ಇದಕ್ಕೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಬೇಕು. ಹೋದ ಕರೆಂಟು ಪೂರ್ತಿ ಮರಳಿ ಬಾರದೆ ನೆಲಕ್ಕೆ ಸೋರಿದರೆ, ಕ್ಷಣಮಾತ್ರದಲ್ಲಿ ಅದು ವಿದ್ಯುತ್ತನ್ನು ಕಡಿಯುತ್ತದೆ. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಕೂಡಲೇ ದುರಸ್ತಿ ಮಾಡಿಸಿ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವನನ್ನು ಇದೂ ಕಾಯಲಾರದು. ಆದುದರಿಂದ ಇದಿದೆಯೆಂದು ಅಜಾಗರೂಕತೆ ಸಲ್ಲದು.

ಗಮನದಲ್ಲಿಡತಕ್ಕ ಅಂಶಗಳು:

1. ಮೇನ್ ಪೆಟ್ಟಿಗೆಯು ಕೈಗೆಟುಕುವ ಒಣ ಜಾಗದಲ್ಲಿರಲಿ. ಅದರ ಮುಂದೆ ಮೂಟೆಗಳನ್ನಾಗಲಿ ಹುಲ್ಲನ್ನಾಗಲಿ ಒಟ್ಟಬೇಡಿ.

2. ಬಿದ್ದ ಎಂ.ಸಿ.ಬಿ.ಯನ್ನು ಕಾರಣ ತಿಳಿಯದೆ ಮತ್ತೆ ಮತ್ತೆ ಎತ್ತಬೇಡಿ.

3. ಅರ್ತ್ ತಂತಿ ತುಂಡಾಗದಂತೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕಿ.

4. ಮನೆಯಲ್ಲಿ ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಆರಿಸಿ. ಅದು ದೂರವಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ವೈರನ್ನು ಸರಿಸಿ. ಬಳಿಕ 108ಕ್ಕೆ ಕರೆ ಮಾಡಿ.

5. ಕಂಬದ ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಸುಳಿಯದೆ, ಜನ ದನಗಳನ್ನು ದೂರವಿಟ್ಟು, 1912ಕ್ಕೆ ತಿಳಿಸಿ.

6. ವೈರಿಂಗನ್ನು ಲೈಸೆನ್ಸ್ ಪಡೆದವರಿಂದಲೇ ಮಾಡಿಸಿ.

ಇಂದು ಸಂಜೆಯೇ ಮನೆಮಂದಿಯನ್ನೆಲ್ಲ ಮೇನಿನ ಮುಂದೆ ಕರೆದು, ಒಬ್ಬೊಬ್ಬರಿಂದಲೂ ಒಮ್ಮೆ ಅದನ್ನು ಆರಿಸಿ ಹಾಕಿಸಿ. ಅವಘಡ ಸಂಭವಿಸಿದಾಗ ಯಜಮಾನನು ಹೊಲದಲ್ಲಿರಬಹುದು. ಮನೆಯಲ್ಲಿ ಉಳಿದವರಿಗೆ ಸ್ವಿಚ್ಚಿನ ಪರಿಚಯವಿರುವುದು ಅತ್ಯಗತ್ಯ.