ಮೊದಲನೇ ಸುತ್ತು ಸಾವಕಾಶ ಓಡು

ತಮ್ಮಾ, ಪೊಲೀಸ್ ಭರ್ತಿಗಂತ ದಿನಾ ನಸುಕಿನ್ಯಾಗ ಎದ್ದು ಬೆಟಗೇರಿಯಿಂದ ಓಡಾಕ ಹೊಂಟೀದಿ, ನೋಡಿ ಖುಷಿ ಆತು. ಆದರ ರಾತ್ರಿ ರೊಟ್ಟಿ ಬಿಟ್ಟು, ಮುಂಜಾನೆ ಬರೇ ಗ್ಲೂಕೋಸ್ ಪುಡಿ ಕಲಸಿದ ನೀರು ಕುಡದು ಹೋಗ್ತೀ ಅಂತ ನಿಮ್ಮವ್ವ ಹೇಳಿದ್ಲು. ನಿನ್ನೆ ನಾನೂ ಗ್ರೌಂಡಿಗೆ ಬಂದಿದ್ದೆ. ಮೊದಲನೇ ಸುತ್ತು ಬಾಣದಂಗ ಹೋದಿ, ಮೂರನೇ ಸುತ್ತಿಗೆ ತೊಡಿ ಹಿಡಕೊಂಡು ಬಗ್ಗಿ ನಿಂತಿ. 30 ವರ್ಷ ವಿಜ್ಞಾನ ಕಲಿಸಿದಾವ ನಾನು. ಹಂಗ್ಯಾಕ ಆತು ಅಂತ ಹೇಳದಿದ್ರ ನನಗ ಸಮಾಧಾನ ಇಲ್ಲ.

ಜೋಳದ ರೊಟ್ಟಿಯೊಳಗಿನ ಪಿಷ್ಟ ಹೊಟ್ಟ್ಯಾಗ ಕರಗಿ ಗ್ಲೂಕೋಸ್ ಆಗತೈತಿ. ಜೀವಕೋಶ ಅದನ್ನ ಮೊದಲ ಎರಡು ತುಂಡು ಮಾಡತೈತಿ. ಅಷ್ಟಕ್ಕ ಆಮ್ಲಜನಕ ಬೇಕಾಗಿಲ್ಲ, ಆದರ ಕೈಗೆ ಹತ್ತೋ ಎಟಿಪಿ, ಅಂದ್ರ ಜೀವಕೋಶ ಖರ್ಚು ಮಾಡೋ ಶಕ್ತಿಯ ನಾಣ್ಯ, ಬರೇ 2. ಅದಽ ತುಂಡು ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಅನ್ನೋ ಒಲ್ಯಾಗ ಹೋಗಿ ಆಮ್ಲಜನಕದ ಸಂಗಾಟ ಪೂರ್ತಿ ಉರದ್ರ ಒಟ್ಟು 30ರ ಆಜೂಬಾಜು. ಸ್ನಾಯು ಕೇಳೋದು ಈ ಎಟಿಪಿನ. ಅದನ್ನ ಕೂಡಿಡಾಕ ಬರೂದಿಲ್ಲ. ಓಡೋವಾಗ ಕೆಲವು ಸೆಕೆಂಡಿನಾಗ ತೀರತೈತಿ, ಮತ್ತ ಮತ್ತ ಮಾಡತಿರಬೇಕು.

ಮುಂಡರಗಿ ಕಡೆ ಹೋಗೋವಾಗ ಕಪ್ಪತಗುಡ್ಡದ ಮ್ಯಾಲ ಗಾಳಿ ಫ್ಯಾನು ತಿರಗೋದು ನೋಡೀದಿ. ಮೈಟೊಕಾಂಡ್ರಿಯಾದ ಪೊರೆಯೊಳಗೂ ಅಂಥಾವು ಅದಾವ, ಖರೇನ ತಿರಗತಾವ. ಗ್ಲೂಕೋಸಿನಿಂದ ಬಿಡಿಸಿದ ಎಲೆಕ್ಟ್ರಾನು ಆಮ್ಲಜನಕದ ಕಡೆ ಹರಿಯೋ ದಾರ್ಯಾಗ ಪ್ರೋಟಾನುಗಳನ್ನ ಪೊರೆಯ ಆಚೆ ದಬ್ಬತಾವ. ಅವು ತಿರುಗಿ ಒಳಗ ನುಗ್ಗೋವಾಗ ಆ ಫ್ಯಾನು ಗರಗರ ಸುತ್ತತೈತಿ. ಒಂದು ಸುತ್ತಿಗೆ 3 ಎಟಿಪಿ. ಇದರ ಗುಟ್ಟು ಬಿಡಿಸಿದ್ದಕ್ಕ ಪಾಲ್ ಬಾಯರ್, ಜಾನ್ ವಾಕರ್ ಅವರಿಗೆ 1997ರಾಗ ನೊಬೆಲ್ ಬಂತು. ಸ್ನಾಯುವಿನೊಳಗ ಎಟಿಪಿ ಐತಿ ಅಂತ 1929ರಾಗ ಗುರುತಿಸಿದವರೊಳಗ ಆಂಧ್ರದ ಭೀಮವರಂನಾಗ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ನಮ್ಮ ಹುಡುಗರಿಗೆ ಆ ಹೆಸರು ಗೊತ್ತಿಲ್ಲ ಅಂದ್ರ ನನಗ ಭಾಳ ಕೆಟ್ಟ ಅನಸತೈತಿ.

ಮೊದಲಿಗೇ ಜೀವ ಬಿಟ್ಟು ಓಡಿದ್ರ ಆಮ್ಲಜನಕ ಸಾಲೂದಿಲ್ಲ. ತುಂಡಾದ ಗ್ಲೂಕೋಸ್ ಲ್ಯಾಕ್ಟೇಟ್ ಆಗಿ ಉಳೀತೈತಿ, ಸ್ನಾಯುವಿನಾಗ ಆಮ್ಲ ಏರತೈತಿ, ಕಾಲು ಕಲ್ಲಾಗತಾವ. ಅದಕ್ಕ 1600 ಮೀಟರಿನ ನಾಲ್ಕು ಸುತ್ತಿನಾಗ ಮೊದಲಿನ ಮೂರು ಒಂದಽ ಹದದಾಗ ಓಡು, ಮಿಕ್ಕಿದ್ದನ್ನ ಕಡೀ ಸುತ್ತಿಗೆ ಹಾಕು. ರಾತ್ರಿ ರೊಟ್ಟಿ, ಕಾಳಿನ ಪಲ್ಯ ತಪ್ಪಸಬ್ಯಾಡ. ಅದು ಗ್ಲೈಕೋಜನ್ ಆಗಿ ತೊಡಿಯೊಳಗ, ಯಕೃತ್ತಿನೊಳಗ ಕೂಡಿರತೈತಿ. ಪುಡಿ ಕುಡದ್ರ ಫ್ಯಾನು ಹೆಚ್ಚಾಗೂದಿಲ್ಲ. ವಾರಗಟ್ಟಲೆ ಬಿಡದಂಗ ಓಡಿದವರ ಸ್ನಾಯುವಿನೊಳಗ ಮೈಟೊಕಾಂಡ್ರಿಯಾನ ಬೆಳೀತಾವ.

ನಾಳೆ ಐದೂವರೆಗೆ ನಾನೂ ಬರ್ತೀನಿ. ಗಡಿಯಾರ ನನ್ನ ಕೈಯಾಗಿರಲಿ, ಒಂದೊಂದು ಸುತ್ತಿಗೂ ಹೊತ್ತು ಕೂಗಿ ಹೇಳ್ತೀನಿ.