ಭುಜದ ನೋವಿಗೆ ಇಂಜೆಕ್ಷನ್: ಹೆದರಬೇಡಿ, ಆದರೆ ಅದನ್ನೇ ನಂಬಿ ಕೂರಬೇಡಿ

ತಕ್ಬೀರ್‌ಗೆ ಎತ್ತಿದ ಕೈ ಕಿವಿಯವರೆಗೆ ಬರುವುದಿಲ್ಲ. ತಲೆ ಬಾಚಲು, ಬೆನ್ನ ಹಿಂದೆ ಕೈ ಒಯ್ಯಲು ಆಗುವುದಿಲ್ಲ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನೋವಿನಿಂದ ಎಚ್ಚರವಾಗುತ್ತದೆ. ಮನೆಯಲ್ಲಿ 40 ದಾಟಿದ ಯಾರಿಗಾದರೂ ಹೀಗೆ ತಿಂಗಳುಗಟ್ಟಲೆ ಆಗುತ್ತಿದ್ದರೆ ಅದು ‘ಫ್ರೋಝನ್ ಶೋಲ್ಡರ್’ ಇರಬಹುದು.

ಭುಜದ ಕೀಲನ್ನು ಒಂದು ತೆಳುವಾದ ಚೀಲ ಸುತ್ತುವರಿದಿರುತ್ತದೆ. ಅದರಲ್ಲಿ ಉರಿಯೂತವಾಗಿ, ಚೀಲ ದಪ್ಪಗಾಗಿ ಕುಗ್ಗಿದಾಗ ಕೈ ಬಿಗಿಯುತ್ತದೆ. ಮಹಿಳೆಯರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಮೊದಲು ನೋವು, ಆಮೇಲೆ ಬಿಗಿತ, ಕೊನೆಗೆ ನಿಧಾನವಾಗಿ ಸಡಿಲಿಕೆ. ಇದಕ್ಕೆಲ್ಲ 1ರಿಂದ 3 ವರ್ಷ ಹಿಡಿಯಬಹುದು.

ಯುನಾನಿಯಲ್ಲಿ ಭುಜದ ನೋವಿಗೆ ‘ವಜವುಲ್ ಕತಿಫ್’ ಎಂಬ ಹೆಸರಿದೆ. ಎಣ್ಣೆ ಮಾಲೀಷು, ಬಿಸಿ ಶಾಖಗಳಿಂದ ಸ್ನಾಯುಗಳಿಗೆ ಹಿತವಾಗುತ್ತದೆ. ಆದರೆ ಮೇಲೆ ಹಚ್ಚಿದ ಎಣ್ಣೆ ಕೀಲಿನೊಳಗಿನ ಚೀಲಕ್ಕೆ ಇಳಿಯುವುದಿಲ್ಲ. ನಿದ್ದೆ ಕೆಡಿಸುವಂಥ ನೋವಿದ್ದರೆ ಮೂಳೆ ತಜ್ಞರು ಕೀಲಿನೊಳಗೆ ನೀಡುವ ಸ್ಟೆರಾಯ್ಡ್ ಇಂಜೆಕ್ಷನ್ ಬೇಗ ಆರಾಮ ಕೊಡುತ್ತದೆ. ರೋಗದ ಆರಂಭದಲ್ಲಿ ಇದರ ಲಾಭ ಹೆಚ್ಚು. ಸೊಂಟಕ್ಕೆ ಚುಚ್ಚುವ ಸಾಮಾನ್ಯ ನೋವಿನ ಇಂಜೆಕ್ಷನ್ ಬೇರೆ, ಇದು ಬೇರೆ. ಔಷಧದ ಹೆಸರು ಮತ್ತು ದಿನಾಂಕವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಈ ಆರಾಮ ಸಾಮಾನ್ಯವಾಗಿ ಕೆಲವು ವಾರಗಳದ್ದು. ಬಿಗಿತ ಬಿಡಿಸುವುದು ವ್ಯಾಯಾಮ. ನೋವು ತಗ್ಗಿದೆಯೆಂದು ಸುಮ್ಮನಿದ್ದರೆ ಇಂಜೆಕ್ಷನ್ ವ್ಯರ್ಥವಾದಂತೆ. ಒಂದೆರಡು ದಿನ ವಿಶ್ರಾಂತಿ ಪಡೆದು, ವೈದ್ಯರು ಹೇಳಿದಂತೆ ಶುರುಮಾಡಿ. ಮುಂದಕ್ಕೆ ಬಾಗಿ ಕೈಯನ್ನು ಲೋಲಕದಂತೆ ತೂಗಿ. ಗೋಡೆಯ ಮೇಲೆ ಬೆರಳುಗಳನ್ನು ಏಣಿ ಹತ್ತಿದಂತೆ ಮೇಲಕ್ಕೆ ನಡೆಸಿ. ದಿನಕ್ಕೆ ಎರಡು ಮೂರು ಬಾರಿ ಸಾಕು.

ಸಕ್ಕರೆ ಕಾಯಿಲೆಯವರು ವೈದ್ಯರಿಗೆ ಮೊದಲೇ ತಿಳಿಸಿ. ಸ್ಟೆರಾಯ್ಡ್‌ನಿಂದ ಕೆಲವು ದಿನ ಸಕ್ಕರೆ ಏರುತ್ತದೆ. ಒಂದು ವಾರ ದಿನವೂ ಪರೀಕ್ಷಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರೂ ಹೇಳಲೇಬೇಕು. ಪದೇ ಪದೇ ಚುಚ್ಚಿಸಿಕೊಂಡರೆ ಸ್ನಾಯುರಜ್ಜುಗಳು ದುರ್ಬಲವಾಗುತ್ತವೆ. ಒಂದು ಕಡೆ ತೆಗೆದುಕೊಂಡದ್ದನ್ನು ಮುಚ್ಚಿಟ್ಟು ಇನ್ನೊಂದು ಕಡೆ ಹೋಗಬೇಡಿ.

ಉಪವಾಸ ಮುರಿಯುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಪೋಷಣೆಗಾಗಿ ಅಲ್ಲದ ಚಿಕಿತ್ಸೆಯ ಇಂಜೆಕ್ಷನ್‌ನಿಂದ ಉಪವಾಸ ಮುರಿಯುವುದಿಲ್ಲವೆಂದು ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1997ರಲ್ಲಿ ನಿರ್ಣಯಿಸಿದೆ. ಆದರೂ ಸಕ್ಕರೆ ಕಾಯಿಲೆಯವರು, ತುರ್ತಿಲ್ಲದಿದ್ದರೆ, ರಮಝಾನ್ ಕಳೆದ ಮೇಲೆ ಮಾಡಿಸುವುದು ಕ್ಷೇಮ.

ಇಂಜೆಕ್ಷನ್ ನಂತರ ಒಂದೆರಡು ದಿನ ನೋವು ಹೆಚ್ಚಾಗಬಹುದು. ಜ್ವರ ಬಂದರೆ, ಭುಜ ಕೆಂಪಾಗಿ ಬಿಸಿಯಾದರೆ, ನೋವು ಏರುತ್ತಲೇ ಹೋದರೆ ಅದು ಸೋಂಕಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ಭುಜದ ನೋವಿನೊಂದಿಗೆ ಎದೆ ಬಿಗಿತ, ಬೆವರು, ಉಸಿರುಗಟ್ಟುವಿಕೆ ಇದ್ದರೆ ಭುಜದ ಚಿಂತೆ ಬಿಟ್ಟು ಹೃದಯವನ್ನು ತಕ್ಷಣ ತೋರಿಸಿ.

ಕೈ ಎಷ್ಟು ಏಳುತ್ತದೋ ಅಷ್ಟೇ ಎತ್ತಿ ನಮಾಝ್ ಮಾಡಿ. ಸುಜೂದ್ ಕಷ್ಟವಾದರೆ ರೋಗಿಗೆ ಶರೀಅತ್ ನೀಡಿದ ರಿಯಾಯಿತಿಯಿದೆ. ಶಿಫಾ ನೀಡುವವನು ಅಲ್ಲಾಹನು. ಸರಿಯಾದ ಚಿಕಿತ್ಸೆಯನ್ನು ಹುಡುಕುವುದು ಮತ್ತು ಗೋಡೆಯ ಮೇಲೆ ಬೆರಳು ನಡೆಸುವುದು ನಮ್ಮ ಪಾಲಿನ ಕೆಲಸ.